ವ್ಯಾಸರಾಜರು ಹಾಕದ ಹದಿನಾಲ್ಕು ಮತ

ದೂರು ಬಂದದ್ದು ಗುರುವಾರ ಬೆಳಗ್ಗೆ 10.20ಕ್ಕೆ, ಬೇ ಏರಿಯಾದ ಮಾರ್ಗನ್ ಹಿಲ್‌ನ ಒಂದು ಮನೆಯ ಗ್ಯಾರೇಜಿಗೆ. ಮಂಡ್ಯದಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ಶಿವರಾಮು, ಮಗಳ ಆ ಮನೆಗೆ ಬಂದು ಎರಡು ತಿಂಗಳಾಗಿತ್ತು. ಕೂತು ಕೂತು ಮೈ ಜಡ್ಡುಗಟ್ಟಿತ್ತು. ದೂರು ಅಂದ ಕೂಡಲೇ ಜೀವ ಬಂತು ನೋಡಿ! ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಿದ್ದ ಅಳಿಯ ಲೋಹಿತನನ್ನು ಎಬ್ಬಿಸಿ ಕಾನ್‌ಸ್ಟೇಬಲ್ ಮಾಡಿಕೊಂಡರು.

"ಎಫ್‌ಐಆರ್ ಬರ್ಕಳಿ ಅಳಿಯಂದ್ರೆ."

"ಮಾವ, ಹನ್ನೊಂದಕ್ಕೆ ಮೀಟಿಂಗಿದೆ."

"ಕ್ರೈಮು ನಿಮ್ ಮೀಟಿಂಗ್ ನೋಡ್ಕಂಡ್ ಆಯ್ತದಾ?"

ಫಿರ್ಯಾದಿ ವ್ಯಾಸರಾಜರು ಪಕ್ಕದ ಬೀದಿಯವರು, ಮೈಸೂರಿನ ನಿವೃತ್ತ ಎಂಜಿನಿಯರು. ಹನ್ನೊಂದು ದೇಶಗಳ ಕನ್ನಡ ಕೂಟಗಳು ಸೇರಿ ನಡೆಸುವ ಅನಿವಾಸಿ ಕನ್ನಡ ಸಂಸತ್ತಿಗೆ ಬೇ ಏರಿಯಾದ ಸದಸ್ಯರು. ತಿಂಗಳಿಗೊಂದು ಶನಿವಾರ ವಿಡಿಯೋದಲ್ಲಿ ಅಧಿವೇಶನ, ಮತ ಹಾಕಲು ಸ್ಕ್ರೀನಿನ ಮೇಲೆ ಬಟನ್ನು. ಸಂಸತ್ತು ಮೊನ್ನೆ ಎಲ್ಲರ ಮತದಾನದ ದಾಖಲೆ ಪ್ರಕಟಿಸಿದ್ದೇ ತಡ, ಇವರ ಮಾನ ಹರಾಜಾಯಿತು. ಹದಿನಾಲ್ಕು ಠರಾವುಗಳಲ್ಲಿ ಹನ್ನೊಂದಕ್ಕೆ ಇವರ ಮತ "ವಿರುದ್ಧ". ಸಮ್ಮೇಳನದಲ್ಲಿ ಪ್ರತಿ ಸದಸ್ಯನಿಗೂ ನಲವತ್ತು ನಿಮಿಷ ಭಾಷಣ ಬೇಕೆಂದು ಇವರೇ ತಂದ ಠರಾವು, ಇವರ ಮತದಿಂದಲೇ ಬಿದ್ದುಹೋಗಿತ್ತು!

"ಭಾನುವಾರ ಕೂಟದ ಸಭೇಲಿ ನನ್ನ ಇಳಿಸ್ತಾರಂತೆ ಸಾರ್. ನನ್ನ ಸೀಟಿನ ಮೇಲೆ ಕಣ್ಣಿಟ್ಟಿರೋ ಲಾಸ್ ಗ್ಯಾಟೋಸ್‌ನ ಜಯರಾಮ್ ಹ್ಯಾಕ್ ಮಾಡಿರ್ಬೇಕು. ಆ ಸೀಟೂ ಹೋದ್ರೆ ನನ್ನ ಮಾತು ಕೇಳೋರು ಯಾರಿದಾರೆ?" ಎಂದರು ವ್ಯಾಸರಾಜರು. ಶಿವರಾಮುಗೆ ಪಾಪ ಅನ್ನಿಸಿತು.

ಲೋಹಿತ್ ಸಂಸತ್ತಿನ ಕಾರ್ಯದರ್ಶಿಯಿಂದ, ಯಾವ ಮತ ಎಲ್ಲಿಂದ ಯಾವಾಗ ಬಿತ್ತೆಂಬ ಲಾಗ್ ತರಿಸಿ ನೋಡಿದ. ಹದಿನಾಲ್ಕೂ ಮತ ವ್ಯಾಸರಾಜರ ಸ್ವಂತ ಲ್ಯಾಪ್‌ಟಾಪಿನಿಂದ, ಆಯಾ ಅಧಿವೇಶನದ ದಿನ ಬೆಳಗ್ಗೆ 8.10ರಿಂದ 8.40ರೊಳಗೆ ಬಿದ್ದಿದ್ದವು.

"ಆವಾಗ ಎಲ್ಲಿದ್ರಿ ಸ್ವಾಮಿ?" ಶಿವರಾಮು ಕೇಳಿದರು.

"ಅಷ್ಟೊತ್ತಿಗೆ ನನ್ನ ಭಾಷಣ ಮುಗಿದಿರತ್ತೆ. ಸ್ನಾನಕ್ಕೆ ಹೋಗ್ತೀನಿ."

"ಮತ ಹಾಕ್ದೆಲೇ?"

"ಬೇರೆಯವ್ರ ಮಾತು ಯಾರ್ ಕೇಳ್ತಾರೆ ಸಾರ್..." ಎಂದು ವ್ಯಾಸರಾಜರು ತಲೆ ತಗ್ಗಿಸಿದರು.

12.15ಕ್ಕೆ ಅವರ ಮನೆಯಲ್ಲಿ ಸ್ಥಳ ಪಂಚನಾಮೆ. ಒಬ್ಬ ಪಂಚ ಲೋಹಿತ್. ಇನ್ನೊಬ್ಬ ಪಾರ್ಸೆಲ್ ತಂದಿದ್ದ ಡ್ರೈವರು, ಏನು ಎತ್ತ ಕೇಳದೆ ಸಹಿ ಹಾಕಿ ಹೋದ. ಮೇಜಿನ ಮೇಲೆ ಅಧಿವೇಶನದ ಅಜೆಂಡಾ, ಅಂಚಿನ ತುಂಬ ಪೆನ್ಸಿಲಿನ ಟಿಪ್ಪಣಿ, ನಡುವೆ ಕಾಫಿ ಲೋಟದ ದುಂಡನೆಯ ಕಲೆ.

"ಸ್ನಾನಕ್ಕೆ ಮುಂಚೆ ಕಾಫಿ ಕುಡೀತೀರಾ?"

"ಛೆ ಛೆ! ಸಂಧ್ಯಾವಂದನೆ ಆಗದೆ ಮುಟ್ಟೋನೇ ಅಲ್ಲ."

"ಹಂಗಾರೆ ಈ ಲೋಟ ಯಾರ್ದು?"

ಅಡುಗೆಮನೆಯಲ್ಲಿ ಸದ್ದು ನಿಂತಿತು. ವ್ಯಾಸರಾಜರ ಹೆಂಡತಿ, ಹೆಸರು ಇಂದು, ಸೌಟು ಹಿಡಿದೇ ಹೊರಗೆ ಬಂದರು.

"ನಂದು."

"ಮತ?"

"ಅದೂ ನಂದೇ. ಇವ್ರು ಎದ್ದುಹೋದ್ರು, ಸ್ಕ್ರೀನಲ್ಲಿ 'ನಿಮ್ಮ ಅಭಿಪ್ರಾಯವೇನು?' ಅಂತ ಬಂತು. ಮದ್ವೆಯಾಗಿ ನಲವತ್ತೊಂದು ವರ್ಷ ಸಾರ್, ಈ ಮನೇಲಿ ಒಬ್ರೂ ನನ್ನ ಅದನ್ನ ಕೇಳಿರ್ಲಿಲ್ಲ. ಓದಿ, ಯೋಚ್ನೆ ಮಾಡೇ ಒತ್ತಿದೀನಿ."

"ನನ್ನ ಠರಾವಿಗೂನಾ?" ವ್ಯಾಸರಾಜರು ಅಜೆಂಡಾ ಕೈಗೆತ್ತಿಕೊಂಡರು.

"ನಲವತ್ತು ನಿಮಿಷ ಅಂದ್ರೆ ನೀವು ಒಂದೂವರೆ ಗಂಟೆ ಎಳೀತೀರಿ. ಜನ ಊಟ ಮಾಡೋದ್ ಬೇಡ್ವಾ?"

ಶಿವರಾಮು ಗಂಟಲು ಸರಿಮಾಡಿಕೊಂಡರು. "ನಿಮ್ಮನ್ನ ಅರೆಸ್ಟ್ ಮಾಡ್ಬೇಕಾಯ್ತದೆ ತಾಯಿ."

"ಆಗ್ಲಿ. ಒಲೆ ಆರಿಸಿ ಬರ್ತೀನಿ. ನೀವಿಬ್ರೂ ಊಟ ಮಾಡ್ಕೊಂಡೇ ಹೋಗಿ."

12.50ಕ್ಕೆ ಬಂಧನ. 1.00ಕ್ಕೆ ತನಿಖಾಧಿಕಾರಿಗಳಿಗೆ ಆರೋಪಿಯ ಕೈಯಿಂದಲೇ ಹುಳಿ ಅನ್ನ. ಲೋಹಿತನ ಮೀಟಿಂಗಂತೂ ತಪ್ಪಿಹೋಗಿತ್ತು.

ಭಾನುವಾರ ಸಭೆಯಲ್ಲಿ ಜಯರಾಮ್ ಪದಚ್ಯುತಿ ಠರಾವು ಓದಿದರು. ಹೆಂಡತಿಯ ಕಡೆ ಬೆರಳು ತೋರಿಸಿದ್ದರೆ ವ್ಯಾಸರಾಜರ ಸೀಟು ಉಳಿಯುತ್ತಿತ್ತು. ಬರೆದು ತಂದಿದ್ದ ಹನ್ನೆರಡು ಹಾಳೆಗಳನ್ನು ಅವರು ಒಮ್ಮೆ ನೋಡಿದರು, ಮಡಚಿ ಜೇಬಿಗಿಟ್ಟರು. ಹೆಂಡತಿ ಕೂತಿದ್ದ ಮೂರನೆಯ ಸಾಲಿನ ಕಡೆ ತಿರುಗಿದರು.

"ಇಂದು, ನಿನ್ನ ಅಭಿಪ್ರಾಯವೇನು?"

ಇಂದು ಎದ್ದು ನಿಂತರು. "ರಾಜೀನಾಮೆ ಕೊಟ್ಬಿಡಿ. ಎಲೆಕ್ಷನ್‌ಗೆ ನಾನು ನಿಲ್ತೀನಿ."

ವ್ಯಾಸರಾಜರು ಕೊಟ್ಟೇಬಿಟ್ಟರು.

ಹಿಂದಿನ ಸಾಲಿನಲ್ಲಿದ್ದ ಶಿವರಾಮು ಡೈರಿ ತೆಗೆದು, ಅಪರಾಧದ ಉದ್ದೇಶ ಎಂಬಲ್ಲಿ ಬರೆದರು: ಅಭಿಪ್ರಾಯ ಕೇಳಿದರು, ಹೇಳಿದರು.