ಹನ್ನೊಂದು ಮಕ್ಕಳ ನಿದ್ದೆ

“ಅದು ಹಾಲಲ್ಲ ಸಾರ್, ವಿಷ! ಹೆತ್ತ ಕೂಸಿಗೆ ವಿಷ ಕುಡಿಸಿದಾಳೆ ನನ್ನ ಸೊಸೆ.” ದೂರು ಕೊಡಲು ಬಂದ ಹೆಂಗಸು ಮೊಬೈಲನ್ನು ಇನ್‌ಸ್ಪೆಕ್ಟರ್ ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿದಳು. “ನೋಡಿ, ಗ್ಲಾಸ್ ಹಿಡ್ಕೊಂಡು ಹೇಗೆ ಹಲ್ಲು ಕಿರೀತಿದಾಳೆ!”

ಮಂಗಳವಾರ, ಸಂಜೆ ಆರು ನಲವತ್ತು. ಫೋಟೋದಲ್ಲಿ ಊಟದ ಮೇಜಿನ ಸುತ್ತ ಹದಿನಾಲ್ಕು ಜನ. ನಡುವೆ ಸೊಸೆ, ಕೈಯಲ್ಲಿ ಬಿಯರ್. ಅವಳ ಐದು ತಿಂಗಳ ಗಂಡುಮಗು ಆಗಲೇ ಆಸ್ಪತ್ರೆ ಸೇರಿತ್ತು. ನಾಲ್ಕು ಗಂಟೆಗೆ ತಾಯಿ ಎದೆ ಕೊಟ್ಟಿದ್ದಳು. ನಾಲ್ಕೂವರೆಗೆ ಮಗು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ವಾಂತಿಯಲ್ಲಿ ಮದ್ಯದ ವಾಸನೆ. ದೂರುದಾರಳ ಹಿಂದೆ ಮಗುವಿನ ಅಪ್ಪ ಹೆಲ್ಮೆಟ್ ಹಿಡಿದು ನಿಂತಿದ್ದ. ಅವನ ಬಾಯಿಂದಲೂ ಅದೇ ವಾಸನೆ. ಅದು ಮೂಗಿಗೆ ಬಡಿದದ್ದು ಮಹಿಳಾ ಕಾನ್‌ಸ್ಟೇಬಲ್ ಒಬ್ಬಳಿಗೆ. ಎಫ್‌ಐಆರ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಈ ಕಾನ್‌ಸ್ಟೇಬಲ್‌ಗೂ ಮನೆಯಲ್ಲಿ ಏಳು ತಿಂಗಳ ಮಗಳಿದ್ದಳು. ಹೆರಿಗೆ ರಜೆ ಮುಗಿಸಿ ಬಂದ ದಿನದಿಂದ ಠಾಣೆಯ ರೈಟರ್ ಅವಳಿಗೆ ‘ಹಾಲಿನ ಬೂತು’ ಎಂದು ಹೆಸರಿಟ್ಟಿದ್ದ. ರೆಕಾರ್ಡ್ ರೂಮಿನ ಚಿಲಕವಿಲ್ಲದ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು, ಹಳೇ ಕಡತಗಳ ನಡುವೆ ಕೂತು ಹಾಲು ಹಿಂಡಿ ಬರುತ್ತಿದ್ದಳಲ್ಲ, ಅದಕ್ಕೆ.

“ಹಾಲಿನ ಬೂತಿಗೇ ಹಾಕಿ ಸಾರ್ ಡ್ಯೂಟಿ,” ಎಂದ ರೈಟರ್, ಎಫ್‌ಐಆರ್ ಬರೆಯುತ್ತ. “ಅನುಭವಸ್ಥರು.”

ಇನ್‌ಸ್ಪೆಕ್ಟರ್ ನಗಲಿಲ್ಲ, ಬೈಯಲೂ ಇಲ್ಲ. “ಆಸ್ಪತ್ರೆಗೆ ನಡಿಯಮ್ಮ. ವರದಿ ಬರೋವರೆಗೂ ಆ ತಾಯಿ ಮಗುವಿಗೆ ಎದೆ ಕೊಡದ ಹಾಗೆ ನೋಡ್ಕೋ.”

ಏಳು ಹತ್ತಕ್ಕೆ ತಾಯಿಯ ರಕ್ತ ತೆಗೆದು ಸೀಸೆಗೆ ಮೊಹರು ಹಾಕಿದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಇನ್‌ಸ್ಪೆಕ್ಟರರಿಂದ ವಿಚಾರಣೆ.

“ಕುಡಿದ್ಯಾ?”

“ಅರ್ಧ ಗ್ಲಾಸು ಸಾರ್. ನಮ್ಮ ಸೂಪರ್‌ವೈಸರ್ ರಿಟೈರ್ ಆದ್ರು, ಎಲ್ಲರೂ ಊಟಕ್ಕೆ ಹೋಗಿದ್ವಿ.” ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯವಳು ಅವಳು; ಉಗುರ ಸಂದಿಯಲ್ಲಿ ಬಿಳಿ ಪುಡಿ ಇನ್ನೂ ಕೂತಿತ್ತು.

“ಎಷ್ಟೊತ್ತಿಗೆ?”

“ಒಂದೂ ಕಾಲು.”

“ಎದೆಹಾಲು ಕೊಡೋಳು ಕುಡೀಬಹುದಾ?”

“ಅಲ್ಲಿ ಕುಡಿದೋರಲ್ಲಿ ಆರು ಜನ ಅಪ್ಪಂದಿರಿದ್ರು ಸಾರ್. ಅವರನ್ನ ಯಾರು ಕೇಳಿದ್ರು?”

“ಅವರು ಹಾಲು ಕೊಡಲ್ಲ.”

“ಹೌದು ಸಾರ್. ಅವರು ಏನೂ ಕೊಡಲ್ಲ.”

ಅಷ್ಟು ಹೊತ್ತಿಗೆ ಆ ಫೋಟೋ ಕೈಯಿಂದ ಕೈಗೆ ಹಾರಿ ಊರೆಲ್ಲ ಸುತ್ತಿತ್ತು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ‘ಇಂಥವಳ ಎದೆ ಕೊಯ್ಯಬೇಕು’ ಎಂದು ಪುಣ್ಯಾತ್ಮನೊಬ್ಬ ಬರೆದಿದ್ದ. ನಾನೂರು ಜನ ಮೆಚ್ಚಿದ್ದರು. ನರ್ಸ್ ಕೂಡ ತಾಯಿಯ ಮುಂದೆ ನೀರಿನ ಲೋಟ ಕುಕ್ಕಿಟ್ಟು ಹೋದಳು.

ಬುಧವಾರ ಮಧ್ಯಾಹ್ನಕ್ಕೆ ತಾಯಿಯ ಎದೆ ಕಲ್ಲಾಗಿತ್ತು. ಗಾಜಿನ ಗೋಡೆಯಾಚೆ ಮಗು ಬಾಟಲಿ ಹಾಲನ್ನು ಉಗಿದು ಉಗಿದು ಅಳುತ್ತಿತ್ತು.

“ಅಕ್ಕಾ, ಒಂದೇ ಒಂದು ಸಲ. ಯಾರಿಗೂ ಹೇಳಲ್ಲ.”

“ಆಗಲ್ಲ ಕಣಮ್ಮ,” ಎಂದಳು ಕಾನ್‌ಸ್ಟೇಬಲ್. ಅವಳನ್ನು ಕೈತೊಳೆಯುವ ಕೋಣೆಗೆ ಕರೆದೊಯ್ದಳು. ಬೆಳಗ್ಗೆ ಆರಕ್ಕೆ ಡ್ಯೂಟಿಗೆ ಬಂದಿದ್ದ ಅವಳಿಗೂ ಎದೆ ಸಿಡಿಯುತ್ತಿತ್ತು. ಎರಡು ಬೇಸಿನ್ನು, ಇಬ್ಬರು ಹೆಂಗಸರು. ಒಬ್ಬಳು ಆರೋಪಿ, ಒಬ್ಬಳು ಕಾವಲು. ಇಬ್ಬರ ಹಾಲೂ ಒಂದೇ ಮೋರಿಗೆ ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ವರದಿ ಬಂತು. ತಾಯಿಯ ರಕ್ತದಲ್ಲಿ ಮದ್ಯ ಇಲ್ಲ. ಮಗುವಿನ ರಕ್ತದಲ್ಲಿ ಇತ್ತು, ಅದೂ ಬಹಳ.

“ಆರು ಗಂಟೆ ಕಾಲ ಆಗಿತ್ತಲ್ಲ, ಇವಳದು ಇಳಿದಿರುತ್ತೆ,” ಎಂದರು ಇನ್‌ಸ್ಪೆಕ್ಟರ್.

ಮಕ್ಕಳ ವೈದ್ಯೆ ಕನ್ನಡಕ ತೆಗೆದರು. “ತಾಯಿ ರಕ್ತದಲ್ಲಿ ಎಷ್ಟಿರುತ್ತೋ ಹಾಲಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರೋದು. ಹಾಲಿಂದಾನೇ ಮಗುವಿಗೆ ಇಷ್ಟು ಏರಬೇಕಾದ್ರೆ, ಎದೆ ಕೊಡೋಕೆ ಆ ತಾಯಿ ಬದುಕಿರ್ತಾನೇ ಇರಲಿಲ್ಲ. ಯಾರೋ ನೇರವಾಗಿ ಬಾಯಿಗೆ ಹಾಕಿದಾರೆ.”

“ಮೊದಲೇ ಯಾಕೆ ಹೇಳಲಿಲ್ಲ ಡಾಕ್ಟ್ರೇ?”

“ನೀವು ಕೇಳಿದ್ದು ತಾಯಿ ಕುಡಿದಿದ್ದಾಳಾ ಅಂತ.”

ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಇಲ್ಲಿ ಯಾರೂ ಕಂಡೇ ಇರಲಿಲ್ಲ.

ಮಂಗಳವಾರ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಗು ಇದ್ದದ್ದು ಕಾರ್ಖಾನೆಯ ಹಿಂಬೀದಿಯ ಶಿಶುಪಾಲನಾ ಕೇಂದ್ರದಲ್ಲಿ. ಅಲ್ಲಿನ ರಿಜಿಸ್ಟರಿನ ಪ್ರತಿ ದಿನವೂ ಕಾರ್ಖಾನೆಯ ಕಚೇರಿಗೆ ಬರುತ್ತಿತ್ತು. ಹನ್ನೆರಡು ಹತ್ತಕ್ಕೆ ಮ್ಯಾನೇಜರ್ ಹೆಮ್ಮೆಯಿಂದಲೇ ಹಾಳೆಗಳನ್ನು ಮುಂದಿಟ್ಟ. “ಒಬ್ಬಳೇ ಆಯಾ, ಹನ್ನೊಂದು ಮಕ್ಕಳು. ಆದ್ರೂ ಒಂದು ದಿನ ಗಲಾಟೆ ಇಲ್ಲ ಸಾರ್.”

ಕಾನ್‌ಸ್ಟೇಬಲ್ ಸಾಲಿನ ಮೇಲೆ ಬೆರಳಿಟ್ಟು ಓದುತ್ತ ಹೋದಳು. ಎರಡು ತಿಂಗಳಿಂದ ಮಂಗಳವಾರದವರೆಗೆ, ಪ್ರತಿದಿನ, ಹನ್ನೊಂದೂ ಮಕ್ಕಳ ನಿದ್ದೆ: ಒಂದು ನಲವತ್ತೈದರಿಂದ ಎರಡೂವರೆ.

“ಸಾರ್, ಹನ್ನೊಂದು ಮಕ್ಕಳು ಒಟ್ಟಿಗೆ ಮಲಗಿ ಒಟ್ಟಿಗೆ ಏಳ್ತಾವಾ? ನನ್ನದು ಒಂದೇ. ಅದನ್ನ ಮಲಗಿಸೋಕೆ ಮನೆಮಂದಿಯೆಲ್ಲ ಹೆಣಗಾಡ್ತೀವಿ.”

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದರು.

ಒಂದು ಐವತ್ತಕ್ಕೆ, ಇಬ್ಬರೂ ಕೇಂದ್ರದ ಎದುರು ಮರೆಯಲ್ಲಿ ಕಾಯುತ್ತಿದ್ದಾಗ, ಆಯಾ ಹೊರಗೆ ಬಂದಳು. ಕೇಂದ್ರಕ್ಕೆ ಬೀಗ ಹಾಕಿ, ಸೆರಗು ಬಿಗಿದು, ಅರ್ಧ ಓಟ ಅರ್ಧ ನಡಿಗೆಯಲ್ಲಿ ಎರಡು ಬೀದಿ ದಾಟಿ ಒಂದು ಕೋಣೆಯ ಬೀಗ ತೆಗೆದಳು. ಇವರು ಬಾಗಿಲಿಗೆ ಬರುವಷ್ಟರಲ್ಲಿ ಅವಳು ನೆಲಕ್ಕೆ ಕೂತಿದ್ದಳು. ಮಂಚದ ಕಾಲಿಗೆ ಬಟ್ಟೆಯ ಪಟ್ಟಿಯಿಂದ ಕಟ್ಟಿದ್ದ ಕೂಸನ್ನು ಬಿಡಿಸಲೂ ಪುರಸೊತ್ತಿಲ್ಲದೆ, ಕಟ್ಟಿದ ಹಾಗೇ ಎದೆಗೆ ಹಾಕಿಕೊಂಡಿದ್ದಳು.

“ಎದ್ದೇಳಮ್ಮ, ಠಾಣೆಗೆ.”

“ಹತ್ತು ನಿಮಿಷ ಸಾರ್.” ಹಾಗೆಂದದ್ದು ಆಯಾ ಅಲ್ಲ, ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ಕೇಂದ್ರದ ಬೀಗದ ಕೈ ಇಸಿದುಕೊಂಡು, ಆ ಮಕ್ಕಳನ್ನೆಲ್ಲ ವೈದ್ಯೆಯ ಬಳಿಗೆ ಕಳಿಸಲು ಹೊರಟರು. ಮೂರು ಇಪ್ಪತ್ತಕ್ಕೆ ಇಬ್ಬರು ಪಂಚರ ಮುಂದೆ ಪಂಚನಾಮೆ: ಕೇಂದ್ರದ ಔಷಧಿ ಕಪಾಟಿನಿಂದ ಮುಕ್ಕಾಲು ಖಾಲಿಯಾದ ಬ್ರಾಂಡಿ ಬಾಟಲಿ ಒಂದು, ಸ್ಟೀಲ್ ಚಮಚ ಒಂದು.

“ಎಷ್ಟು ಹಾಕ್ತಿದ್ದೆ?”

“ಚಮಚದ ತುದೀಲಿ ಸಾರ್, ಸಕ್ಕರೆ ನೀರಿಗೆ. ಮಂಗಳವಾರ ಆ ಮಗು ಒಂದು ಮಲಗಲೇ ಇಲ್ಲ. ಇನ್ನೆರಡು ಚಮಚ ಹಾಕ್ದೆ. ನನ್ನ ಕೂಸು ಬೆಳಗ್ಗೆಯಿಂದ ಹಸ್ಕೊಂಡಿತ್ತು.”

“ನಿನ್ನ ಮಗೂನ ಅಲ್ಲಿಗೇ ಕರ್ಕೊಂಡು ಬರಬಾರದಾ?”

“ಬಾಗಿಲಲ್ಲೇ ಬೋರ್ಡ್ ಇದೆಯಲ್ಲ ಸಾರ್. ಕೆಲಸದೋರ ಮಕ್ಕಳನ್ನ ತರಬಾರದು ಅಂತ.”

“ಆ ಮಗು ಆಸ್ಪತ್ರೆ ಸೇರಿದ ಮೇಲೂ ನಿನ್ನೆ ಹಾಕಿದೀಯ, ಇವತ್ತೂ ಹಾಕಿದೀಯ!”

“ತಾಯಿ ಹಾಲಿಂದ ಆಯ್ತು ಅಂತ ಎಲ್ಲರೂ ಅಂದ್ರು. ನಾನೂ ನಂಬಿದೆ. ನಾನೂ ಅವಳನ್ನ ಬಾಯಿಗೆ ಬಂದ ಹಾಗೆ ಬೈದೆ ಸಾರ್.”

“ನೀನು ಕುಡೀತೀಯಾ?”

ಆಯಾ ಕೆನ್ನೆಗೆ ಹೊಡೆದ ಹಾಗೆ ತಲೆಯೆತ್ತಿದಳು. “ಥೂ! ಎದೆಹಾಲು ಕೊಡೋಳು ನಾನು. ಮುಟ್ಟಲ್ಲ.”

ಬಂಧನದ ಸಮಯ ನಾಲ್ಕು ಹದಿನೈದು. ಕೂಸನ್ನು ಬಿಟ್ಟು ಬರಲು ಬೇರೆ ಯಾರೂ ಇಲ್ಲವಾಗಿ ಅದೂ ಲಾಕಪ್ಪಿಗೆ ಬಂತು.

ಐದು ಗಂಟೆಗೆ ಸೊಸೆ, ಅತ್ತೆ ಇಬ್ಬರೂ ಸಹಿ ಹಾಕಲು ಠಾಣೆಗೆ ಬಂದರು. ಮಧ್ಯಾಹ್ನವೇ ಮಗುವನ್ನು ತಾಯಿಯ ಕೈಗೆ ಕೊಟ್ಟಿದ್ದರು. ಎರಡು ದಿನದಲ್ಲಿ ಬಾಟಲಿಗೆ ಒಗ್ಗಿಹೋಗಿದ್ದ ಮಗು ಎದೆಯತ್ತ ತಂದರೆ ಮುಖ ತಿರುಗಿಸಿ ಅಳುತ್ತಿತ್ತಂತೆ. ಅದನ್ನು ಅವಳು ಕಾನ್‌ಸ್ಟೇಬಲ್‌ಗೆ ಮಾತ್ರ ಕೇಳುವ ಹಾಗೆ ಹೇಳಿದಳು.

“ಕೃತ್ಯದ ಕಾರಣ ಏನಂತ ಬರೀಲಿ ಸಾರ್?” ಎಂದ ರೈಟರ್. “ಬೇಜವಾಬ್ದಾರಿ?”

“ಮಗುವಿಗೆ ಹಾಲು ಕೊಡೋಕೆ ಅಂತ ಬರೀರಿ,” ಎಂದಳು ಕಾನ್‌ಸ್ಟೇಬಲ್.

ರೈಟರ್ ಇನ್‌ಸ್ಪೆಕ್ಟರ್ ಮುಖ ನೋಡಿದ. “ಬರಿ,” ಎಂದರು ಅವರು.

ಅತ್ತೆ ಕಾಗದಕ್ಕೆ ಸಹಿ ಹಾಕಿ ಪೆನ್ನು ಕೆಳಗಿಟ್ಟಳು. “ಅದೆಲ್ಲ ಇರಲಿ ಸಾರ್. ಏನೇ ಅಂದ್ರೂ, ಇವಳು ಕುಡಿದಿದ್ದಂತೂ ನಿಜ ತಾನೆ?”

 ಅಷ್ಟರಲ್ಲಿ ಲಾಕಪ್ಪಿನ ಕಡೆಯಿಂದ ಆಯಾಳ ಕೂಸು ಕಿರುಚಿ ಅಳತೊಡಗಿತು. ಸೊಸೆಯ ಕೈ ತಾನಾಗಿಯೇ ಎದೆಗೆ ಹೋಯಿತು. ಕಾನ್‌ಸ್ಟೇಬಲ್ ತಲೆ ತಗ್ಗಿಸಿ ನೋಡಿಕೊಂಡಳು: ಖಾಕಿ ಅಂಗಿಯ ಮೇಲೆ ಎರಡು ಒದ್ದೆ ಕಲೆಗಳು ಅಗಲವಾಗುತ್ತಿದ್ದವು. ಅವಳು ರೈಟರನ ಮುಂದಿದ್ದ ಕಡತವನ್ನು ಎತ್ತಿ ಎದೆಗೆ ಅವುಚಿಕೊಂಡು, ಮೊಳೆಯಿಂದ ಲಾಕಪ್ಪಿನ ಬೀಗದ ಕೈ ತೆಗೆದುಕೊಂಡು, ಅಳು ಬಂದ ಕಡೆಗೆ ನಡೆದಳು.