ಉಣ್ಣೆಯ ಹಗ್ಗ ಕಟ್ಟಿದ ಕೆಂಪು ಗಾಡಿ

"ಎಲ್ಲಾ ನೋಡ್ರಿ ಸಾಹೇಬ್ರ. ಬೇಕಾದ್ರ ಎಂಜಿನ್ ಬಿಚ್ಚಿ ನೋಡ್ರಿ. ಸ್ಟೇರಿಂಗ್ ಬುಡಕ ಕಟ್ಟೇತಲ್ಲ, ಆ ಹಗ್ಗ ಮಾತ್ರ ಬಿಚ್ಚಬ್ಯಾಡ್ರಿ."

ಗಾಡಿ ಮಾರುವ ಅಣ್ಣಾಸಾಬ ಇದನ್ನು ಹೇಳುವಾಗ ನೇಮಿನಾಥನ ಮುಖ ನೋಡಲಿಲ್ಲ. ಶೆಡ್ಡಿನ ಹಸಿರು ಪರದೆಯತ್ತ ಕಣ್ಣಿಟ್ಟು, ಪಾಠ ಒಪ್ಪಿಸುವವನಂತೆ ಹೇಳಿದ.

ನೇಮಿನಾಥ ನಕ್ಕ. "ಬಿಚ್ಚಿದ್ರ ಏನಾಗತೈತ್ರಿ? ಕಟ್ಟಿದ ಎಮ್ಮಿಗತೆ ಗಾಡಿ ಓಡಿ ಹೋಗತೈತೇನು?"

"ನಾ ಹೇಳೂದು ಹೇಳೇನ್ರಿ."

ನೇಮಿನಾಥನದು ನಿಪ್ಪಾಣಿಯ ತಂಬಾಕು ವಖಾರಿಯ ಮನೆತನ. ಮನೆಯಲ್ಲಿ ದನ ಕಟ್ಟಿದವರಿಲ್ಲ. ಹನ್ನೆರಡು ವರ್ಷ ಪುಣೆಯ ಶೋರೂಮೊಂದರಲ್ಲಿ ಮೆಕ್ಯಾನಿಕ್ ಆಗಿದ್ದು, ಆರು ತಿಂಗಳ ಹಿಂದೆ ಊರಿಗೆ ಮರಳಿದ್ದ. ಹಳೆಯ ಗಾಡಿ ಕೊಳ್ಳುವವರ ಪರವಾಗಿ ಹೋಗಿ ಪರೀಕ್ಷಿಸಿ, ನಂಬಬಹುದೇ ಇಲ್ಲವೇ ಎಂದು ಬರೆದುಕೊಡುವುದು ಈಗಿನ ಕಸುಬು. ಚೀಲದ ತುಂಬ ಉಪಕರಣಗಳಿದ್ದವು. ಆದರೆ ಅವನ ನಿಜವಾದ ಬಂಡವಾಳ ಬಲಗೈ. ಓಡುತ್ತಿರುವ ಎಂಜಿನ್ನಿನ ಮೇಲೆ ಅಂಗೈ ಇಟ್ಟು, ಯಾವ ಸಿಲಿಂಡರ್ ಸೋತಿದೆ ಎಂದು ಹೇಳುತ್ತಿದ್ದ. ಪರೀಕ್ಷೆಯ ಯಂತ್ರ ಆಮೇಲೆ ಅದನ್ನೇ ತೋರಿಸುತ್ತಿತ್ತು.

ಇವತ್ತು ಅವನನ್ನು ಕಾಗವಾಡಕ್ಕೆ ಕಳಿಸಿದವನು ಮುಗಳಖೋಡದ ಭರತ. ಕಬ್ಬಿನ ಜಮೀನಿನ ಮನೆಯ ಹುಡುಗ, ಹೋದ ವೈಶಾಖದಲ್ಲಿ ಮದುವೆಯಾದವನು. ಎರಡೇ ಬಾಗಿಲಿನ ವಿದೇಶಿ ಸ್ಪೋರ್ಟ್ಸ್ ಕಾರಿನ ಮೇಲೆ ಮನಸ್ಸಿಟ್ಟಿದ್ದ. ನೇಮಣ್ಣ ಹೂಂ ಅಂದರೆ ಸಾಕು, ಮತ್ತೆ ಏನನ್ನೂ ಕೇಳುವವನಲ್ಲ.

ಗಾಡಿ ನಿಂತಿದ್ದದ್ದು ದ್ರಾಕ್ಷಿ ತೋಟದ ನಡುವಿನ ಒಣದ್ರಾಕ್ಷಿ ಶೆಡ್ಡಿನಲ್ಲಿ. ಜನವರಿ, ಕಟಾವು ಶುರುವಾಗಿರಲಿಲ್ಲ. ಹಣ್ಣು ಹರಡುವ ಜಾಳಿಗೆಯ ಅಟ್ಟಗಳೆಲ್ಲ ಖಾಲಿ. ಹೋದ ವರ್ಷದ ಗಂಧಕದ ಹೊಗೆ ಇನ್ನೂ ಪರದೆಗಳಲ್ಲಿ ಉಳಿದು ಮೂಗು ಸುಡುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಮಳೆಯಲ್ಲಿ ನೆನೆದ ಕುರಿಯದು. ಹೊರಗೆ ಮೂರು ಗಂಟೆಯ ಬಿಸಿಲು. ಒಳಗೆ ಮಾತ್ರ ಪಾಚಿಗಟ್ಟಿದ ಬಾವಿಯ ತಳದ ಬೆಳಕು.

ನೇಮಿನಾಥನ ಮೊದಲ ನಿಯಮ: ಎಂಜಿನ್ ತಣ್ಣಗಿರಬೇಕು. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟರೆ ಅರ್ಧ ರೋಗ ಮುಚ್ಚಿಹೋಗುತ್ತದೆ. ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

ಬೆಚ್ಚಗಿತ್ತು.

"ಮುಂಜಾನೆ ಚಾಲೂ ಮಾಡಿದ್ರೇನು?"

"ಹತ್ತು ತಿಂಗಳಾತು, ಚಾವಿ ಹಚ್ಚಿಲ್ರಿ."

ಸುಳ್ಳು ಎಂದುಕೊಂಡು ಬಾನೆಟ್ ಎತ್ತಿದ. ಬ್ಯಾಟರಿಯ ತಂತಿ ಕಳಚಿತ್ತು. ತಂತಿಯ ಮೇಲೆ ಜೇಡರಬಲೆ. ಬ್ರೇಕ್ ಡಿಸ್ಕುಗಳಲ್ಲಿ ಒಂದೇ ಸಮನೆ ತುಕ್ಕು. ಈ ಗಾಡಿ ಓಡಿಲ್ಲ. ಉಷ್ಣಮಾಪಕ ಹಿಡಿದ. ಶೆಡ್ಡಿನ ಗಾಳಿ ಇಪ್ಪತ್ತೇಳು ಡಿಗ್ರಿ. ಬಾನೆಟ್ಟಿನ ತಗಡು ಮೂವತ್ತಾರು ಪಾಯಿಂಟ್ ಎಂಟು, ಮನುಷ್ಯನ ಮೈಯಷ್ಟು ಬಿಸಿ. ಮೂರು ಸಲ ಹಿಡಿದ. ಮೂರು ಸಲವೂ ಅದೇ. ವರದಿಯ ಹಾಳೆಯಲ್ಲಿ ಸಂಖ್ಯೆ ಬರೆದು, ಮುಂದೆ 'ಕಾರಣ ತಿಳಿಯದು' ಎಂದು ಸೇರಿಸಿದ. ಆ ಎರಡು ಪದಗಳನ್ನು ಅವನು ಈ ಮೊದಲು ಎಂದೂ ಬರೆದಿರಲಿಲ್ಲ.

ಮೀಟರಿನಲ್ಲಿ ಹದಿನೆಂಟು ಸಾವಿರದ ನಾಲ್ಕುನೂರು ಕಿಲೋಮೀಟರ್. ಟಾಯರು, ಪೆಡಲುಗಳ ಸವೆತ ಅದಕ್ಕೆ ತಕ್ಕಂತಿತ್ತು. ಬಣ್ಣದ ದಪ್ಪ ಎಲ್ಲ ಕಡೆ ನೂರಾ ಹದಿನೆಂಟು ಮೈಕ್ರಾನ್ ಆಸುಪಾಸು. ಮುಂದಿನ ಎಡ ಮಡ್ಗಾರ್ಡಿನಲ್ಲಿ ಮಾತ್ರ ನಾಲ್ಕುನೂರಾ ಹತ್ತು.

"ಇಲ್ಲಿ ಹೊಸಾ ಬಣ್ಣ ಐತಿ. ಯಾವದಕ್ಕ ಬಡದಿತ್ರಿ?"

"ಸತ್ತೆಪ್ಪ ಅಂತ, ಕುರಿ ಕಾಯಾಂವ. ಶೇಡಬಾಳ ರಸ್ತೇದಾಗ. ನಮ್ಮ ಮಗ ಸಿದ್ದಲಿಂಗ ಓಡಸಾಕತ್ತಿದ್ದ."

"ಕೇಸು?"

"ಮುಗೀತ್ರಿ. ಅವನ ಹೇಣ್ತಿ ಲಗಮವ್ವ ರೊಕ್ಕ ಮುಟ್ಟಲಿಲ್ಲ. ಗಂಡನ ಕುರಿ ಕಟ್ಟೂ ಹಗ್ಗ ತಂದು ಗಾಡಿಗೆ ಬಿಗದು ಹೋದ್ಲು."

"ನಿಮ್ಮ ಮಗ ಎಲ್ಲಿ ಅದಾರ?"

"ಮನಿಯಾಗ. ಮಲಗ್ಯಾನ."

ಉಳಿದದ್ದು ಓಡಿಸಿ ನೋಡುವುದು. ನೇಮಿನಾಥ ಬ್ಯಾಟರಿಯ ತಂತಿ ಜೋಡಿಸಿ, ತಾನು ತಂದಿದ್ದ ಜಂಪ್ ಸ್ಟಾರ್ಟರ್ ಹಚ್ಚಿ ಒಳಗೆ ಕುಳಿತ. ಕರಿ ಉಣ್ಣೆಯ ಹಗ್ಗ ಸ್ಟೇರಿಂಗಿನ ಕಂಬಕ್ಕೆ ಮೂರು ಸುತ್ತು ಬಿಗಿದಿತ್ತು. ಅದರ ತುದಿ ಬ್ರೇಕ್ ಪೆಡಲ್ಲಿನ ಪಕ್ಕ ನೇತಾಡುತ್ತಿತ್ತು.

"ಇದು ಪೆಡಲಿಗೆ ಸಿಕ್ಕರ ಸಾಯಾಂವ ನಾನು. ಹಗ್ಗ ಇಟಗೊಂಡು ಗಾಡಿ ಓಡಸಾಂಗಿಲ್ರಿ."

ಅಣ್ಣಾಸಾಬ ಬೇಡ ಅನ್ನಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. "ಹೇಳೇನ್ರಿ ನಾ," ಅಂದ. "ಹೇಳೇನಿ."

ನೇಮಿನಾಥ ಬಲಗೈ ಹಾಕಿದ. ಗಂಟು ಬಿಗಿಯಾಗಿದೆ ಎಂದುಕೊಂಡಿದ್ದ. ಬೆರಳು ತಾಗಿದ್ದೇ ತಡ, ಅದು ತಾನಾಗಿ ಸಡಿಲಿತು. ಮೂರು ಸುತ್ತೂ ಜಾರಿ ಅಂಗೈಗೆ ಬಂತು.

ಇಪ್ಪತ್ತು ಹೆಜ್ಜೆ ದೂರದ ಮನೆಯಿಂದ ಗಂಡಸಿನ ಚೀರಾಟ.

"ಅವ್ವಾ! ಸುಟ್ಟಿತ! ಚಾ ಸುಟ್ಟಿತ!"

ಹಿಂದೆಯೇ ಹೆಂಗಸೊಬ್ಬಳ ದನಿ. ಅಳುವೋ ನಗೆಯೋ ತಿಳಿಯಲಿಲ್ಲ. "ಬಿಸಿ ಹತ್ತೇತಿ! ನನ್ನ ಮಗಗ ಬಿಸಿ ಹತ್ತೇತಿ!"

ಅಣ್ಣಾಸಾಬ ನಿಂತಲ್ಲೇ ನೆಲಕ್ಕೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ನೇಮಿನಾಥನಿಗೆ ಏನೂ ಅರ್ಥವಾಗಲಿಲ್ಲ. ಗಾಡಿ ಚಾಲೂ ಮಾಡಿದ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಬಿಸಿಯೇರಲು ಐದಾರು ನಿಮಿಷ ಬಿಟ್ಟು, ಕೆಳಗಿಳಿದು ವಾಡಿಕೆಯಂತೆ ಅದರ ಮೇಲೆ ಅಂಗೈ ಇಟ್ಟ. ಕಿವಿಗೆ ಸದ್ದು ಕೇಳುತ್ತಿತ್ತು. ಕೈಗೆ ಏನೂ ಬರಲಿಲ್ಲ. ಕಂಪನವಿಲ್ಲ. ಬಿಸಿ ಇಲ್ಲ. ತಗಡಿಲ್ಲ. ಕೈ ಇತ್ತು. ಕೈಯ ತುದಿಯಲ್ಲಿ ಏನೂ ಇರಲಿಲ್ಲ. ಗಾಡಿಯ ಹಿಂದೆ ಹೋದ. ಹೊಗೆ ಕೊಳವೆ ಹಿಡಿದ. ಎಣಿಸಿದ. ಒಂದು. ಎರಡು. ಮೂರು. ಚರ್ಮ ಸುಟ್ಟ ವಾಸನೆ ಗಂಧಕದ ವಾಸನೆಯೊಳಗೆ ಬೆರೆಯಿತು. ಕೈ ತೆಗೆದು ನೋಡಿದ. ಎರಡು ಬೆರಳುಗಳ ಮೇಲೆ ಬೊಬ್ಬೆ ಏಳುತ್ತಿತ್ತು. ಬೇರೆಯವರ ಕೈ ನೋಡಿದಂತೆ ನೋಡಿದ.

ಎಂಜಿನ್ ಆರಿಸಿ ಅಣ್ಣಾಸಾಬನ ಎದುರು ಕುಳಿತ. "ಹೇಳ್ರಿ."

"ದನ ಮಾರುವಾಗ ನಾವು ಹಗ್ಗ ಕೊಡಾಂಗಿಲ್ರಿ. ಕೊಂಡಾಂವ ತನ್ನ ಹಗ್ಗ ತರಬೇಕು. ಹಗ್ಗದ ಕೂಡ ಮನೀದು ಎಲ್ಲಾ ಹೋಗತೈತಿ ಅಂತ. ಲಗಮವ್ವ ಅಂದ್ಲು, ರಸ್ತೇದಾಗ ನನ್ನ ಗಂಡನ ಕೈ ನನ್ನ ಕೈಯಾಗ ತಣ್ಣಗಾತು, ಅದನ್ನ ಹಗ್ಗ ಸಮೇತ ನಿಮಗ ಕೊಟ್ಟೇನಿ ಅಂತ. ಸಿದ್ದಲಿಂಗ ನಕ್ಕೋತ ಬಿಚ್ಚಿದ. ಮೊದಲ ಬೆರಳು. ಆಮ್ಯಾಲ ಮೊಣಕೈ. ಮೂರು ತಿಂಗಳಿಗೆ ಕುತ್ತಿಗೀತನಕ. ಮಿರಜದ ಡಾಕ್ಟರು ನರದ ರೋಗ ಅಂದ್ರು."

"ಮತ್ತ ಇದು ಹೋಗೂದು ಹೆಂಗ?"

"ಅದನ್ನೂ ಆಕೀನೇ ಹೇಳ್ಯಾಳ. ಬಿಚ್ಚಿದಾಂವ ತನ್ನ ಕೈಲೇ ತಿರುಗಿ ಕಟ್ಟಬೇಕು. ಇನ್ನೊಬ್ಬ ಬಿಚ್ಚಬೇಕು. ಮುಚ್ಚಿಟ್ಟು ಬಿಚ್ಚಿಸಿದ್ರ ನಡ್ಯಾಂಗಿಲ್ಲ, ಬಿಚ್ಚಬ್ಯಾಡ ಅಂತ ಹೇಳಬೇಕು. ಸಿದ್ದಲಿಂಗನ ಕೈ ಹಿಡಿದು ನಾನ ಕಟ್ಟಿಸೇನಿ. ಹತ್ತು ತಿಂಗಳದಾಗ ನಾಕು ಮಂದಿ ನೋಡಾಕ ಬಂದ್ರು. ಹೇಳಿದೆ. ನಾಕೂ ಮಂದಿ ಅಂಜಿ ಹೋದ್ರು."

"ಲಗಮವ್ವ ಎಲ್ಲಿ ಅದಾಳ?"

"ಹೋದ ಆಷಾಢದಾಗ ತೀರಿಕೊಂಡ್ಲು."

ನೇಮಿನಾಥನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎಡಗೈಯಿಂದ ಬಲಗೈಯನ್ನು ಚಿವುಟುತ್ತ ಹೋದ. ಅಂಗೈ, ಇಲ್ಲ. ಮಣಿಕಟ್ಟು, ಇಲ್ಲ. ಅದರ ಮೇಲೆ ಎರಡು ಬೆರಳಗಲ, ಇಲ್ಲ. ಜೇಬಿನಲ್ಲಿ ಫೋನ್ ಮೊಳಗಿತು, ಭರತನದು.

"ನೇಮಣ್ಣ, ಹೆಂಗೈತಿ ಗಾಡಿ? ಉಗಾರ ದಾಟೇವಿ. ಹತ್ತು ಮಿನಿಟದಾಗ ಬಂದ್ವಿ. ಸ್ನೇಹಲಾನೂ ಬಂದಾಳ. ನೀ ಇನ್ನೂ ಹೂಂ ಅಂದಿಲ್ಲ, ಈಕಿ ಆಗಳೇ ಕುಂಕುಮ, ನಿಂಬಿಹಣ್ಣ ಕಟಗೊಂಡು ಹೊಂಟಾಳ!"

ಬರಬ್ಯಾಡ್ರಿ ಅನ್ನಲು ಒಂದು ಉಸಿರು ಸಾಕಿತ್ತು. "ಬರ್ರಿ," ಅಂದ ನೇಮಿನಾಥ.

ಹಗ್ಗ ಎತ್ತಿಕೊಂಡು ಗಾಡಿಯೊಳಗೆ ಬಾಗಿದ. ಬಲಗೈ ಕೆಲಸಕ್ಕೆ ಬಾರಲಿಲ್ಲ. ಎಡಗೈಯಲ್ಲಿ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿದ. ಬಾಯಿ ತುಂಬ ಉಣ್ಣೆಯ ಎಳೆ, ಕುರಿಯ ವಾಸನೆ. ಆಮೇಲೆ ಎಡಗೈಯಲ್ಲೇ ವರದಿ ಮುಗಿಸಿದ. ಎಂಜಿನ್ ಚೆನ್ನಾಗಿದೆ. ಮುಂದಿನ ಎಡಭಾಗ ಅಪಘಾತದ ನಂತರ ದುರಸ್ತಿ. ಉಳಿದಂತೆ ನಂಬಬಹುದು. ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಅವರು ಬಂದರು. ಭರತ ಗಾಡಿಯ ಸುತ್ತ ಎರಡು ಸುತ್ತು ಹಾಕಿದ. "ಲೇ ನೇಮಣ್ಣ, ಏನ ಐತಲೇ ಇದು!"

"ಎಲ್ಲಾ ಬರೋಬರ ಐತಿ," ಅಂದ ನೇಮಿನಾಥ. ಅವರ ಮುಖ ನೋಡಲಾಗಲಿಲ್ಲ. ಹಸಿರು ಪರದೆಯತ್ತ ನೋಡಿದ. "ಸ್ಟೇರಿಂಗ್ ಬುಡಕಿನ ಹಗ್ಗ ಮಾತ್ರ ಬಿಚ್ಚಬ್ಯಾಡ್ರಿ."

ಭರತ ಹೊಟ್ಟೆ ಹಿಡಿದು ನಕ್ಕ. "ಪುಣೆ ಮೆಕ್ಯಾನಿಕ್ ಮಾಟಾ-ಮಂತ್ರ ಹೇಳಾಕತ್ತಾನಲ್ಲೋ!"

ಸ್ನೇಹಲ ಆಗಲೇ ಬಾಗಿಲು ತೆರೆದು ಒಳಗೆ ಬಾಗಿದ್ದಳು. ಭರತನ ಹೆಂಡತಿ, ಸಾಂಗ್ಲಿ ಕಡೆಯ ಹುಡುಗಿ. ಕೈಯಲ್ಲಿ ಇನ್ನೂ ಮದುವೆಯ ಹಸಿರು ಬಳೆ. "ಅಗಬಾಯಿ, ಎಷ್ಟು ಹೊಲಸ ಐತಿ ಇದು. ಪೂಜಾ ಮಾಡೂ ಗಾಡಿಗೆ ಇಂಥಾದ್ದು ಯಾಕ ದಾದಾ?"

ದಾದಾ, ಎಂದರೆ ಅಣ್ಣ ಎಂದು ಕರೆಸಿಕೊಂಡ ನೇಮಿನಾಥನ ಬಾಯಿ ತೆರೆಯಿತು. ಬಳೆಗಳ ಸದ್ದು ಕೇಳಿತು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಅವನ ಎರಡು ಬೆರಳು ಧಗ್ಗನೆ ಉರಿದವು. ಸುಟ್ಟ ಗಾಯದ ಉರಿ ಮೊಣಕೈವರೆಗೆ ಏರಿ ಕಣ್ಣಲ್ಲಿ ನೀರು ಬಂತು. ಅವನು ಬೆರಳುಗಳನ್ನು ಬಾಯಿಗಿಟ್ಟು ಊದಿಕೊಂಡ. ಮೂಲೆಯಲ್ಲಿದ್ದ ಅಣ್ಣಾಸಾಬ ಒಮ್ಮೆ ಅವನನ್ನು ನೋಡಿ, ತಲೆ ತಗ್ಗಿಸಿ ಮನೆಯ ಕಡೆ ನಡೆದ.

ಸ್ನೇಹಲ ಹಗ್ಗವನ್ನು ಹೊರಗೆ ಎಸೆದು, ಕುಂಕುಮದ ಭರಣಿಗೆ ಬೆರಳದ್ದಿ ಗಾಡಿಯ ಮೂತಿಗೆ ಹಚ್ಚಿದಳು. ಕೈ ತಿರುಗಿಸಿ ನೋಡಿಕೊಂಡಳು. ಮತ್ತೊಮ್ಮೆ ಅದ್ದಿದಳು.

"ಏನ ವಿಚಿತ್ರ ನೋಡ್ರಿ," ಅಂದು ನಕ್ಕಳು. "ಕುಂಕುಮ ಹತ್ತಿದ್ದು ಬೆರಳಿಗೆ ಗೊತ್ತಾಗವಲ್ದು."

ನೇಮಿನಾಥ ಕೊನೆಯದಾಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು.