ಮೂರು ತಿಂಗಳು, ಒಂದೇ ರಬ್ಬರ್ ಹಾಳೆ

2025ರ ನವೆಂಬರ್ 10, ಸೋಮವಾರ, ಬೆಳಿಗ್ಗೆ 10.20. ಖಾನಾಪುರ ತಾಲೂಕಿನ ಒಂದು ಪೊಲೀಸ್ ಠಾಣೆ. ಯಾವುದು ಅಂತ ಕೇಳಬೇಡಿ, ಅಲ್ಲಿದ್ದವರೆಲ್ಲ ಇನ್ನೂ ನೌಕರಿಯಲ್ಲಿದ್ದಾರೆ. ಪಿಎಸ್‌ಐ ಪ್ರಮಿಳಾ ಒಂದು ದೋಷಾರೋಪ ಪಟ್ಟಿಯ ಕರಡು ತಿದ್ದುತ್ತ ಕೂತಿದ್ದರು. ಆರೋಪಿಯ ಹೆಂಡತಿ ಒಳಗೆ ಬಂದವಳೇ ಆ ಕಾಗದದ ಮೇಲೆಯೇ ಒಂದು ಪ್ಲಾಸ್ಟಿಕ್ ಚೀಲ ಇಟ್ಟಳು.

ಅವಳ ಹೆಸರು ತಹಮೀನಾ. ಗಂಡ ಶಾನವಾಜ, ಗೂಡ್ಸ್ ಟೆಂಪೋ ಚಾಲಕ. ಸೆಪ್ಟೆಂಬರ್ 14ರ ಮಧ್ಯಾಹ್ನ 3.40ಕ್ಕೆ ಹಂಚು ತುಂಬಿದ ಅವನ ಟೆಂಪೋ ಮಲಪ್ರಭಾ ಸೇತುವೆಯ ಇಳಿಜಾರಿನಲ್ಲಿ ಹತೋಟಿ ತಪ್ಪಿ ಮರಕ್ಕೆ ಗುದ್ದಿತ್ತು. ಹಂಚಿನ ಮೇಲೆ ಕೂತಿದ್ದ ಹಮಾಲ ಯಲ್ಲೇಶ ಸ್ಥಳದಲ್ಲೇ ಸತ್ತಿದ್ದ. ಹನ್ನೊಂದು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡವರು ಅವರಿಬ್ಬರು.

"ಇದೇನವಾ?" ಪ್ರಮಿಳಾ ಚೀಲ ಸರಿಸಿದರು.

"ಬ್ರೇಕಿನ ಪೈಪ್ ರೀ ಮೇಡಂ. ನಮ್ಮ ಮಾವನ ಮಗನ ಗಾಡೀದು. ಮೊನ್ನೆ ಬೀಡಿ ಊರಿನ ರಸ್ತಾದಾಗ ಹರೀತು. ಹೊಲದ ಬದಕ್ಕ ಹೊಡದು ಹೆಂಗೋ ನಿಂದರಿಸ್ಯಾನ."

"ಅದಕ್ಕ?"

"ಎರಡೂ ಗಾಡಿಗೆ ಆಗಸ್ಟಿನ್ಯಾಗ ಒಂದ ಅಂಗಡೀಂದ ಪೈಪ್ ಹಾಕಿಸಿದ್ವಿ. ಇದರ ಮ್ಯಾಲಿನ ನಂಬರ್ ನೋಡ್ರಿ. ನಿಮ್ಮ ಅಂಗಳದಾಗ ನಿಂತೈತಲ್ರಿ ನಮ್ಮ ಗಾಡಿ, ಅದರ ಪೈಪಿನ ನಂಬರೂ ನೋಡ್ರಿ. ಶುಕ್ರವಾರ ನೀವು ಕೋರ್ಟಿಗೆ ಹಾಕ್ತೀರಂತ. ಅದಕ್ಕಿಂತ ಮೊದಲ ನೋಡ್ರಿ ಅಷ್ಟ."

ಅವಳು ಅಳಲಿಲ್ಲ. ಅತ್ತಿದ್ದರೆ ಪ್ರಮಿಳಾರಿಗೆ ಸುಲಭವಾಗುತ್ತಿತ್ತು.

ಶಾನವಾಜ ಮೊದಲ ದಿನ ಬ್ರೇಕ್ ಹತ್ತಲಿಲ್ಲ ಅಂದಿದ್ದ. ಗುದ್ದಿದವರೆಲ್ಲ ಹೇಳುವುದು ಅದನ್ನೇ. ಅವನ ಮೊಬೈಲಿಗೆ 3.39ಕ್ಕೆ ಕರೆ ಬಂದದ್ದು ದಾಖಲೆಯಲ್ಲಿ ಸಿಕ್ಕಿತು. ಎತ್ತಿಲ್ಲ ಅಂದ. ಪ್ರಮಿಳಾ ಅವನನ್ನು ಮೂರು ತಾಸು ಕೂರಿಸಿ ಕೇಳಿದರು. ಕೈ ಮಾಡಲಿಲ್ಲ, ಅವರು ಅಂಥವರಲ್ಲ. ಒಂದೇ ಪ್ರಶ್ನೆಯನ್ನು ಮೂವತ್ತು ಸಲ ಕೇಳಿದರು ಅಷ್ಟೆ. "ಫೋನ್ ನೋಡಾಕತ್ತಿದ್ದಿ, ಬ್ರೇಕ್ ಒತ್ತೇ ಇಲ್ಲ, ಹೌದಲ್ಲೊ?" ಕೊನೆಗೆ ಅವನು "ಹೌದ್ರಿ, ನನ್ನದ ತಪ್ಪ, ನಾನ ಕೊಂದೆ" ಅಂದ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಪತ್ರಿಕೆಯವರು ಕೇಳಿದಾಗ ಪ್ರಮಿಳಾ ಅದನ್ನು ಹೇಳಿದ್ದರು. ಜಾಮೀನಿನ ಮೇಲೆ ಮನೆಗೆ ಹೋದವನು ಅಂದಿನಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ ಅಂತ ಊರೆಲ್ಲ ಮಾತು.

10.45ಕ್ಕೆ ಹೆಡ್ ಕಾನ್ಸ್‌ಟೇಬಲ್ ಬೀರಣ್ಣ ಇಬ್ಬರು ಪಂಚ ಸಾಕ್ಷಿಗಳನ್ನು ಕರೆತಂದ. ಅಂಗಳದ ಟೆಂಪೋದ ಕೆಳಗೆ ಮೆಕ್ಯಾನಿಕ್ ಮಾಯಪ್ಪ ತೂರಿದ. ಅವನು ಬಿಚ್ಚಿಕೊಟ್ಟ ಪೈಪು ಉದ್ದಕ್ಕೆ ಹರಿದಿತ್ತು. ಎರಡರ ಮೇಲೂ ಒಂದೇ ಮುದ್ರೆ: ಸಂಗಮ ರಬ್ಬರ್ ವರ್ಕ್ಸ್, ಮಚ್ಛೆ, ಜುಲೈ 2025.

"ಗುದ್ದಿದಾಗ ಹರದಿರಬೇಕು," ಅಂದರು ಪ್ರಮಿಳಾ. ಸೆಪ್ಟೆಂಬರಿನಲ್ಲೂ ಇದನ್ನೇ ಬರೆಸಿದ್ದರು.

ಮಾಯಪ್ಪ ಹರಿದ ಬಾಯಿಯನ್ನು ಹೆಬ್ಬೆರಳಿನಿಂದ ಅಗಲಿಸಿ ತೋರಿಸಿದ. "ಒಳಗ ಕೆಂಪು ಮಣ್ಣ ಕುಂತೈತಿ ನೋಡ್ರಿ. ಗುದ್ದಿದಾಗ ಹರದಿದ್ರ ಒಳಗ ಕರ್ರಗ, ಸ್ವಚ್ಛ ಇರಬೇಕಾಗಿತ್ತು. ಇದು ದಿನಾ ಒಂದೀಟ ಒಂದೀಟ ಹರಕೋತ ಬಂದೈತಿ. ಎಲ್ಲೋ ಒಂದು ಕಲ್ಲು ಸಿಡದು ಗಾಯ ಆಗಿರಬೇಕು. ಛಲೋ ರಬ್ಬರ್ ಇದ್ರ ಗಾಯ ಅಲ್ಲೇ ನಿಂದರತೈತಿ. ಇದರಾಗ ಓಡೈತಿ."

11.30ಕ್ಕೆ ತಹಮೀನಾಳ ದೂರಿನ ಮೇಲೆ ಹೊಸ ಎಫ್‌ಐಆರ್ ದಾಖಲಾಯಿತು. ಪ್ರಮಿಳಾ ಸಹಿ ಹಾಕಿದರು. ಆ ಕೆಂಪು ಮಣ್ಣು ಎರಡು ತಿಂಗಳಿಂದ ಅವರ ಕಿಟಕಿಯ ಹೊರಗೇ ಇತ್ತು. ಬಗ್ಗಿ ನೋಡಿರಲಿಲ್ಲ.

ನವೆಂಬರ್ 11, ಬೆಳಿಗ್ಗೆ 9.50. ಬೆಳಗಾವಿ ಹತ್ತಿರದ ಮಚ್ಛೆಯ ಕೈಗಾರಿಕಾ ಪ್ರದೇಶ. ಸಂಗಮ ರಬ್ಬರ್ ವರ್ಕ್ಸ್ ಅಂದರೆ ಎರಡು ಶೆಡ್ಡು, ನಲವತ್ತು ಕೆಲಸಗಾರರು, ಸುಟ್ಟ ರಬ್ಬರಿನ ವಾಸನೆ. ಮಾಲೀಕ ವಿನಯ ನಲವತ್ತರ ಆಸುಪಾಸಿನವನು. ಪೊಲೀಸರನ್ನು ಕಂಡಕೂಡಲೇ ಫೈಲು ತೆಗೆದ.

"ಪ್ರತಿ ತಿಂಗಳದ ಮಾಲು ಟೆಸ್ಟ್ ಆಗೇ ಹೊರಗ ಹೋಗ್ತೈತ್ರಿ. ಜುಲೈದೂ ಪಾಸೈತಿ. ನೋಡ್ರಿ, ಸರ್ಟಿಫಿಕೇಟ್."

"ಟೆಸ್ಟ್ ಮಾಡಾವ್ರು ಯಾರು?"

"ಬಾಳಾಸಾಹೇಬ್ರು. ನಮ್ಮ ತಂದೀ ಕಾಲದಿಂದ ಅದಾರ. ಮೂವತ್ತೊಂದು ವರ್ಷ. ಅವರ ಕೈಯಾಗ ಪಾಸ್ ಆತಂದ್ರ ಮುಗೀತು, ಗಿರಾಕಿ ಮತ್ತ ಕೇಳೂದಿಲ್ಲ."

ಬೀರಣ್ಣ ಫೈಲಿನ ಹಾಳೆ ಮಗುಚುತ್ತ, "ಮೇ ತನಕ ಪೆನ್ನಿನ ಸಹಿ, ಜೂನ್‌ದಿಂದ ಬರೇ ಶಿಕ್ಕಾ ಒತ್ತೀರಿ. ಯಾಕ್ರಿ?" ಅಂದ.

ವಿನಯ ಅದನ್ನು ಆಗಲೇ ಮೊದಲ ಸಲ ಗಮನಿಸಿದ. "ಗೊತ್ತಿಲ್ರಿ."

ಬಾಳಾಸಾಹೇಬರು ಟೆಸ್ಟಿಂಗ್ ಕೋಣೆಯಲ್ಲಿದ್ದರು. ಐವತ್ತೊಂಬತ್ತು ವರ್ಷ, ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. "ಬರ್ರಿ, ಕುಂದರ್ರಿ" ಅಂದವರು ತಾವು ಏಳಲಿಲ್ಲ. ಬಲಗೈ ತೊಡೆಯ ಕೆಳಗಿತ್ತು.

"ಟೆಸ್ಟ್ ಹೆಂಗ ಮಾಡ್ತೀರಿ? ತಿಳೀಹಂಗ ಹೇಳ್ರಿ."

"ಪ್ರತಿ ತಿಂಗಳ ಮಾಲಿಂದ ಒಂದು ಹಾಳಿ ತಗೀತೀವ್ರಿ. ಅದರ ಮ್ಯಾಲೆ ಮೂಲಿಂದ ಮೂಲೀಗೆ ಬಿಳಿ ಪೆನ್ಸಿಲ್ಲಿಂದ ಒಂದು ಗೆರಿ ಹೊಡೀತೀವಿ, ದಿಕ್ಕಿನ ಗುರ್ತಿಗೆ. ಆಮ್ಯಾಲೆ ಅಚ್ಚಿನಿಂದ ತುಂಡು ಕತ್ತರಸೂದು. ಪ್ರತಿ ತುಂಡಿಗೂ ಬ್ಲೇಡಿಂದ ಒಂದು ಮಿಲಿಮೀಟರ್ ಗಾಯ ಮಾಡೂದು. ಮಶೀನಿಗೆ ಹಿಡಿಸಿ ಎಳಿಯೂದು."

"ಗಾಯ ಯಾಕ?"

ಅಲ್ಲಿಯವರೆಗೆ ನೆಲ ನೋಡುತ್ತಿದ್ದವರು ತಲೆ ಎತ್ತಿದರು. "ಗಾಯ ಇಲ್ಲದ ರಬ್ಬರ್ ಎಲ್ಲಾನೂ ಗಟ್ಟಿ ಕಾಣತೈತ್ರಿ. ಗಾಯ ಆದಮ್ಯಾಲೆ ಎಷ್ಟು ತಡೀತೈತಿ ಅನ್ನೂದು ನೋಡಬೇಕು. ಒಂದ ಮಿಲಿಮೀಟರ್ ಅಂದ್ರ ಒಂದ. ಹೆಚ್ಚಾದ್ರ ಛಲೋ ಮಾಲೂ ಫೇಲ್."

"ಒಂದು ಮಾಡಿ ತೋರಸ್ರಿ."

"ಮಶೀನ್ ಕೆಟ್ಟೈತ್ರಿ. ಸೆಪ್ಟೆಂಬರ್‌ದಿಂದ ಹೊರಗ ಕಳಸಾಕತ್ತೀವಿ."

ಬೀರಣ್ಣ ಸುಮ್ಮನೆ ಗುಂಡಿ ಒತ್ತಿದ. ಮಶೀನು ಗುಂಯ್ ಎಂದು ಶುರುವಾಗಿ, ಹಿಡಿಕೆಗಳು ಮೇಲೆ ಕೆಳಗೆ ಸರಿದವು.

ಗಿರಾಕಿಗಳ ಷರತ್ತಿನಂತೆ ಹರಿದ ತುಂಡುಗಳನ್ನು ಒಂದು ವರ್ಷ ಇಡಬೇಕು. ಕಪಾಟಿನಲ್ಲಿ ತಿಂಗಳಿಗೊಂದು ಪೊಟ್ಟಣ ಇತ್ತು. 11.15ಕ್ಕೆ ಪಂಚರ ಎದುರು ಜೂನ್, ಜುಲೈ, ಆಗಸ್ಟಿನ ಪೊಟ್ಟಣಗಳನ್ನು ಒಡೆದರು. ಹತ್ತು, ಹತ್ತು, ಹತ್ತು. ಲೆಕ್ಕ ಸರಿಯಿತ್ತು. ಪ್ರಮಿಳಾ ಪಂಚನಾಮೆ ಬರೆಸಲು ಶುರುಮಾಡಿದರು. ಬೀರಣ್ಣ ಮಾತ್ರ ತುಂಡುಗಳನ್ನು ಮೇಜಿನ ಮೇಲೆ ಹರವಿಕೊಂಡು, ಸಾಲಿನಲ್ಲಿ ಜೋಡಿಸುತ್ತ ಕೂತ. ಅವನದು ಕಂಬಳಿ ನೇಯುವ ಮನೆತನ. ಎರಡು ಪಟ್ಟಿ ಕೂಡಿಸಿ ಹೊಲಿಯುವಾಗ ಅಂಚಿನ ಗೆರೆ ಗೆರೆಗೆ ಕೂಡಬೇಕು, ಇಲ್ಲದಿದ್ದರೆ ಅಪ್ಪ ಬಿಚ್ಚಿಸುತ್ತಿದ್ದ. ಆ ಚಟ ಖಾಕಿ ಹಾಕಿದರೂ ಹೋಗಿರಲಿಲ್ಲ.

"ಮೇಡಂ, ಇಲ್ಲಿ ನೋಡ್ರಿ. ತಿಂಗಳಿಗೊಂದು ಹಾಳಿ ಅಂದ್ರ ಒಂದೊಂದು ಪೊಟ್ಟಣದಾಗ ಒಂದೊಂದು ಪೂರಾ ಗೆರಿ ಸಿಗಬೇಕು. ಜೂನ್‌ದಾಗ ಬರೇ ಮೇಲಿನ ತುದಿ ಐತಿ. ಜುಲೈದಾಗ ನಡುವಿಂದು. ಆಗಸ್ಟಿನ್ಯಾಗ ಕೆಳಗಿಂದು."

ಅವನು ಮೂರು ಸಾಲನ್ನೂ ಒತ್ತಿ ಸೇರಿಸಿದ. ಮೂವತ್ತು ತುಂಡುಗಳ ಮೇಲೆ ಒಂದೇ ಬಿಳಿ ಗೆರೆ, ಎಲ್ಲೂ ಕಡಿಯದೆ, ಮೂಲೆಯಿಂದ ಮೂಲೆಗೆ ಹೋಗಿತ್ತು. ಮೂರು ತಿಂಗಳ ಮಾಲು ಪಾಸಾದದ್ದು ಒಂದೇ ಹಾಳೆಯ ಮೇಲೆ.

ವಿನಯ ಗೋಡೆಗೆ ಆತುಕೊಂಡ. "ಕಾಕಾ, ಏನ್ ಮಾಡೀರಿ ಇದು?"

ಬಾಳಾಸಾಹೇಬರು ತಲೆ ಸುತ್ತುತ್ತಿದೆ, ಮನೆಗೆ ಹೋಗುತ್ತೇನೆ ಅಂದರು. ಪ್ರಮಿಳಾ ತಡೆಯಲಿಲ್ಲ. ಎರಡು ತಿಂಗಳ ಹಿಂದೆ ಆಗಿದ್ದರೆ ಅಲ್ಲೇ ಕೂರಿಸಿ ಮೂವತ್ತು ಸಲ ಕೇಳುತ್ತಿದ್ದರು. ಈ ಸಲ ಮೊದಲು ರಬ್ಬರನ್ನು ಕೇಳೋಣ ಅನಿಸಿತು. ಜುಲೈ ಮಾಲಿನ ಉಳಿದ ಹಾಳೆ ಗೋದಾಮಿನಲ್ಲಿ ಸಿಕ್ಕಿತು. ಅದನ್ನೂ ಎರಡು ಪೈಪುಗಳನ್ನೂ ಸಾಕ್ಷ್ಯದ ಮುದ್ದೆಮಾಲೆಂದು ಸೀಲು ಮಾಡಿ ಬೆಳಗಾವಿಯ ಒಂದು ಪ್ರಯೋಗಾಲಯಕ್ಕೆ ಕಳಿಸಿದರು.

ನವೆಂಬರ್ 12, ಮಧ್ಯಾಹ್ನ 2.10ಕ್ಕೆ ವರದಿ ಬಂತು. ಹರಿಯದೆ ತಡೆಯುವ ಶಕ್ತಿ ಇರಬೇಕಾದದ್ದರ ಅರ್ಧಕ್ಕೂ ಕಡಿಮೆ. ರಬ್ಬರು ಸರಿಯಾಗಿ ಬೆಂದಿಲ್ಲ. ವಿನಯನ ದಾಖಲೆಯಲ್ಲೇ ಕಾರಣ ಇತ್ತು: ಜುಲೈಯಲ್ಲಿ ಎರಡು ದಿನ ಕರೆಂಟು ಹೋಗಿ ಬಂದು ಮಾಡಿತ್ತು. ಮಾಲು ಕೆಟ್ಟಿದ್ದರೆ ಟೆಸ್ಟಿನಲ್ಲಿ ಸಿಗುತ್ತದಲ್ಲ ಅಂತ ಅವನು ನಿಶ್ಚಿಂತನಾಗಿದ್ದ. ಅವನಿಗೂ ನೋಟಿಸು ಹೋಯಿತು.

ಸಂಜೆ 4.00, ಬೆಳಗಾವಿಯ ಸದಾಶಿವನಗರ. ಬಾಳಾಸಾಹೇಬರ ಹೆಂಡತಿ ಕಾಂತಾ ಬಾಗಿಲು ತೆಗೆದರು. ಬಾಳಾಸಾಹೇಬರು ಪಡಸಾಲೆಯಲ್ಲಿ ಅದೇ ಬಿಳಿ ಅಂಗಿ ತೊಟ್ಟು, ಚಪ್ಪಲಿ ಹಾಕಿಕೊಂಡೇ ಕೂತಿದ್ದರು.

"ಬರ್ತೀರಂತ ಗೊತ್ತಿತ್ರಿ," ಅಂದು ಬಲಗೈಯನ್ನು ಮೇಜಿನ ಮೇಲೆ ಇಟ್ಟರು. ಅದು ತನ್ನಷ್ಟಕ್ಕೆ ನಡುಗುತ್ತಿತ್ತು. ಎಡಗೈಯಿಂದ ಒತ್ತಿ ಹಿಡಿದರೂ ನಿಲ್ಲಲಿಲ್ಲ.

"ಯಾವಾಗಿಂದ?"

"ಹ್ವಾದ ಯುಗಾದಿಯಿಂದ. ಇಕೀಗೂ ಹೇಳಿದ್ದಿಲ್ರಿ. ಏಪ್ರಿಲ್‌ದಾಗ ಎರಡು ಸಲ ಬ್ಲೇಡ್ ಹೆಚ್ಚು ಇಳೀತು. ಛಲೋ ಮಾಲು ಫೇಲ್ ಆತು. ಎಲ್ಲಾ ಕೆಡವಿ ಮತ್ತ ಮಾಡಬೇಕಾತು, ಪಾಪ, ಶೆಡ್ಡಿನ ಹುಡುಗ್ಯಾರು ರವಿವಾರಾನೂ ಬಂದು ದುಡದ್ರು. ಮೇದಾಗ ಒಂದು ಮುಂಜಾನಿ ಕೈ ನಡಗದ ತಣ್ಣಗಿತ್ತು. ಎಲ್ಲಿಂದ ಬಂತೋ ಗೊತ್ತಿಲ್ಲ, ಮೊದಲಿನಂಗ ಇತ್ತು. ಅವತ್ತ ಒಂದು ಛಲೋ ಹಾಳಿ ತಗೊಂಡು ಮೂವತ್ತು ತುಂಡು ಗಾಯ ಮಾಡಿ ಇಟ್ಟೆ. ಮುಂದ ತಿಂಗಳಿಗೆ ಹತ್ತರಂಗ ಅವನ್ನ ಎಳದೆ."

"ಕೈ ನಡುಗತೈತಿ ಅಂತ ಹೇಳಿದ್ರ ಆಗ್ತಿತ್ತಲ್ರಿ."

"ಏನಂತ ಹೇಳಲಿ? ಮೂವತ್ತೊಂದು ವರ್ಷ ಜನ ನಂಬಿದ್ದು ನನ್ನ ಅಲ್ರಿ, ಈ ಕೈ. ಇದು ಹೋದಮ್ಯಾಲೆ ನಾನ್ ಯಾರು? ರಬ್ಬರಿಗೆ ಹಾಕೂ ಮಸಾಲಿ ಅದ ಐತಿ, ಮಶೀನ ಅದ ಐತಿ, ರಬ್ಬರ್ ಯಾಕ ಕೆಡತೈತಿ ಅಂದ್ಕೊಂಡೆ. ಕೆಡತೈತಿ ಅಂತಲೇ ಟೆಸ್ಟ್ ಇರೂದು. ಅದು ನನಗಿಂತ ಛಲೋ ಯಾರಿಗೆ ಗೊತ್ತು?"

ಅವರು ಅಂಗಿಯ ಕಿಸೆಯಿಂದ ಒಂದು ಕರಿ ತುಂಡು ತೆಗೆದಿಟ್ಟರು. ಪೇಪರಿನಲ್ಲಿ ಬಂದ ಅಪಘಾತದ ಫೋಟೋದಲ್ಲಿ ಟೆಂಪೋ ಕೆಳಗೆ ಜೋತುಬಿದ್ದ ಪೈಪು ನೋಡಿ, ಮಾರನೆಯ ದಿನವೇ ಜುಲೈ ಹಾಳೆಯಿಂದ ಕತ್ತರಿಸಿದ ತುಂಡದು. ಬ್ಲೇಡ್ ಮುಟ್ಟಿಸಿ ಎಳೆದರೆ ನಡುಗುವ ಕೈಯಲ್ಲೇ ಹರಿದು ಬಂದಿತ್ತು. ಎರಡು ತಿಂಗಳಿಂದ ಕಿಸೆಯಲ್ಲಿತ್ತು.

"ಗೊತ್ತಾಗಿ ಎರಡು ತಿಂಗಳಾತು. ಯಾಕ ಬರಲಿಲ್ಲ?" ಪ್ರಮಿಳಾರ ದನಿ ಏರಿತು.

"ಬರಾಕ ಹೊಂಟಿದ್ನಿರಿ. ಬಸ್ ಸ್ಟ್ಯಾಂಡಿನ ತನಕ ಬಂದಿದ್ದೆ. ಅಲ್ಲೆ ಪೇಪರ್ ತಗೊಂಡೆ. ಡ್ರೈವರ್ ಬ್ರೇಕ್ ಒತ್ತಿದ್ದಿಲ್ಲ, ಫೋನ್ ನೋಡಾಕತ್ತಿದ್ದ, ತಾನ ಒಪ್ಕೊಂಡಾನ ಅಂತ ಬಂದಿತ್ತು. ಹಂಗಾರ ನಂದೇನಿಲ್ಲ ಅಂತ ಹೊಳ್ಳಿ ಹೋದೆ. ನಂಬಾಕ ಭಾಳ ಹಗೂರ ಆತ್ರಿ ಅದು."

ಬೀರಣ್ಣ ಬರೆಯುವುದನ್ನು ನಿಲ್ಲಿಸಿ ಪ್ರಮಿಳಾರ ಮುಖ ನೋಡಿದ. ಅಂಗಡಿಗಳಲ್ಲಿ ಬಿಡಿಯಾಗಿ ಮಾರಿದ ಆ ಪೈಪುಗಳು ಎರಡು ತಿಂಗಳು ಎಷ್ಟು ಗಾಡಿಗಳ ಕೆಳಗೆ ಓಡಾಡಿದ್ದವೋ. ಪ್ರಮಿಳಾರಿಗೆ ನಾಚಿಕೆಯಾಯಿತು. ಈ ಮುದುಕ ಸುಳ್ಳು ಸರ್ಟಿಫಿಕೇಟು ಕೊಟ್ಟಿದ್ದ. ತಾವೂ ಅವನ ಕೈಗೆ ಅಂಥದ್ದೇ ಒಂದು ಕೊಟ್ಟಿದ್ದರು, ಪೇಪರಿನಲ್ಲಿ.

"ಬರೀರಿ ಬೀರಣ್ಣ. ಅವರು ಹೇಳಿದ್ದನ್ನ ಹೇಳಿದಂಗ ಬರೀರಿ. ಪೇಪರಿನ ಮಾತೂ."

4.50ಕ್ಕೆ ದಸ್ತಗಿರಿ. ದಸ್ತಗಿರಿ ಪತ್ರಕ್ಕೆ ಬಾಳಾಸಾಹೇಬರು ಎಡಗೈಯಿಂದ ಬಲ ಮಣಿಕಟ್ಟು ಹಿಡಿದು ಸಹಿ ಹಾಕಿದರು. ಎಂಟು ತಿಂಗಳು ಮುಚ್ಚಿಟ್ಟ ಕೈಯನ್ನು ಕಾಂತಾ ಅಂದೇ ಮೊದಲು ನೋಡಿದ್ದು. ಬಂದು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು. "ಇಷ್ಟಕ್ಕೇನ್ರಿ?" ಅಂದರು ಅಷ್ಟೆ.

ನವೆಂಬರ್ 13, ಬೆಳಿಗ್ಗೆ 8.30. ಖಾನಾಪುರದಲ್ಲಿ ಶಾನವಾಜನ ಮನೆ. ಪ್ರಮಿಳಾ ಅವನನ್ನು ಠಾಣೆಗೆ ಕರೆಸಲಿಲ್ಲ, ತಾವೇ ಹೋದರು. ಅವನು ಮಂಚದ ಮೇಲೆ ಗೋಡೆಗೆ ಮುಖ ಮಾಡಿದ್ದ. ತಹಮೀನಾ ಎಬ್ಬಿಸಿ ಕೂರಿಸಿದಳು.

"ಪೈಪ್ ಮೊದಲ ಹರದಿತ್ತಪಾ. ನಿನ್ನ ತಪ್ಪಲ್ಲ. ನಾ ತಪ್ಪು ಬರಕೊಂಡಿದ್ದೆ."

ಅವನು ತಲೆ ಅಲ್ಲಾಡಿಸಿದ. "ನಾ ಬ್ರೇಕ್ ಒತ್ತಿದ್ದಿಲ್ಲಲ್ರಿ."

"ಒತ್ತಿದ್ದಿ."

"ನೀವ ಹೇಳಿದ್ರಿ ಒತ್ತಿಲ್ಲ ಅಂತ. ಖರೇ ಇರಬೇಕು ಅಂತ ದಿನಾ ನೆನಸ್ಕೋತೀನಿ. ಈಗ ನನಗ ಹಂಗ ಕಾಣತೈತ್ರಿ."

ಪ್ರಮಿಳಾ ಹರಿದ ಪೈಪಿನ ಫೋಟೋ ತೆಗೆದು ಅವನ ಪಕ್ಕ ಇಟ್ಟರು. ಅವನು ಅದನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತ. ನೋಡುತ್ತಿದ್ದಂತೆ ಮಂಚದಿಂದ ಇಳಿಬಿದ್ದ ಅವನ ಬಲಗಾಲು ನೆಲವನ್ನು ಒತ್ತಿತು. ಬಿಟ್ಟಿತು. ಮತ್ತೆ ಒತ್ತಿತು.

"ಮೂರು ಸಲ," ಅಂದ. "ಮೂರು ಸಲ ಒತ್ತಿದ್ನಿರಿ ಮೇಡಂ. ಮೂರನೇ ಸಲ ಪೆಡಲ್ ತಳಕ್ಕ ಹೋತು. ಯಲ್ಲೇಶಾ, ಜಿಗಿಯೋ ಅಂತ ಒದರಿದೆ. ಅಂವಗ ಕೇಳಲಿಲ್ಲ." ಅಷ್ಟು ಹೇಳಿ ಅವನು ಎರಡು ತಿಂಗಳಲ್ಲಿ ಮೊದಲ ಸಲ ಗೆಳೆಯನಿಗಾಗಿ ಅತ್ತ.

ಪ್ರಮಿಳಾ ಕಾಗದ ತೆಗೆದುಕೊಂಡು ತಮ್ಮ ಕೈಯಿಂದಲೇ ಹೇಳಿಕೆ ಬರೆಯತೊಡಗಿದರು. ಸೆಪ್ಟೆಂಬರ್ 14ರ ಸಂಜೆಯೂ ಅವನು ಮೂರು ಸಲ ಅಂತಲೇ ಹೇಳಿದ್ದ. ಅವರು ಅದನ್ನು ಬರೆದುಕೊಂಡಿರಲಿಲ್ಲ.